ಮನಿಲಾದ ಮೂವರು, ಬ್ರಹ್ಮಾವರದ ಒಬ್ಬರು



ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಾನು ಹಲವು ವರ್ಷಗಳಿಂದ ಧರ್ಮಕೇಂದ್ರದ ಲೆಕ್ಕದ ಪುಸ್ತಕ, ರಶೀದಿ ಪುಸ್ತಕಗಳನ್ನು ಕೊಳ್ಳುವ ಅಂಗಡಿಯೊಂದಿದೆ. ಒಂದು ಆಗಸ್ಟ್ ತಿಂಗಳ ಆರಂಭದಲ್ಲಿ ಶಾಲೆಯ ಮಕ್ಕಳಿಗೆಂದು ಕಾಗದದ ಬಾವುಟಗಳನ್ನು ಕಟ್ಟಿಸುತ್ತಿದ್ದೆ. ಅಂಗಡಿಯ ಹಿರಿಯರು ದಾರ ಸುತ್ತುತ್ತಾ, “ತಪ್ಪು ತಿಳ್ಕೋಬೇಡಿ ಫಾದರ್, ಸುಮ್ನೆ ಕೇಳ್ತಿದೀನಿ. ಪರದೇಶದವರು ಆಳ್ತಿದ್ದಾಗ ಅವರ ಎದುರು ನಿಂತ ಪಾದ್ರಿಗಳು ಅಂತ ಯಾರಾದ್ರೂ ಇದ್ರಾ?” ಎಂದು ಕೇಳಿದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಕುತೂಹಲವಿತ್ತು. ನಾನು ಫಿಲಿಪ್ಪೀನ್ಸ್ ದೇಶದ ಮೂವರು ಯಾಜಕರ ಕಥೆಯನ್ನು ಹೇಳಿದೆ. ಅವರು ಪೂರ್ತಿಯಾಗಿ ಕೇಳಿಸಿಕೊಂಡು, “ಅದು ಎಲ್ಲೋ ದೂರದ್ದಾಯ್ತಲ್ಲ ಫಾದರ್. ನಮ್ಮ ಕಡೆ?” ಎಂದರು. ನಾನು ಸುಮ್ಮನಾದೆ. ಬಾವುಟದ ಕಟ್ಟನ್ನು ಎತ್ತಿಕೊಂಡು ಹೊರಬಂದೆ.

ನನ್ನ ಮೌನಕ್ಕೆ ಅಜ್ಞಾನ ಕಾರಣವಾಗಿರಲಿಲ್ಲ. ಹೆಸರು ಗೊತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು. ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿಯನ್ನು ಇಳಿದು, ಹೆಬ್ರಿಯ ಮೂಲಕ ಹೋದರೆ ಸಿಗುವ ಬ್ರಹ್ಮಾವರದಲ್ಲಿ ಇಂದಿಗೂ ಆ ಹೆಸರನ್ನು ಭಕ್ತಿಯಿಂದ ಉಚ್ಚರಿಸುವ ಕ್ರೈಸ್ತ ಸಮುದಾಯವಿದೆ. ಆದರೆ ಆ ಯಾಜಕರು ನಮ್ಮ ಧರ್ಮಸಭೆಯನ್ನು ತೊರೆದು ಹೋದವರು. ತೊರೆದು ಹೋದವರನ್ನು ‘ನಮ್ಮವರು’ ಎಂದು ಗಾಂಧಿ ಬಜಾರಿನ ನಡುವೆ ನಿಂತು ಹೇಳಲು ನಾನು ಹಿಂಜರಿದೆ. ಈ ಲೇಖನ ಆ ಹಿಂಜರಿಕೆಯ ವಿಮರ್ಶೆ. ಅದನ್ನು ಮಾಡಲು ಮೊದಲು ಮನಿಲಾದ ಮೂವರನ್ನೂ ಅವರ ನೆನಪಿಗೆ ಅರ್ಪಿತವಾದ ಒಂದು ಕಾದಂಬರಿಯನ್ನೂ ನೋಡಬೇಕಾಗಿದೆ.

ಇಪ್ಪತ್ತೆಂಟು ದಿನಗಳ ಕಥೆ

1872ರ ಜನವರಿ 20ರಂದು ಮನಿಲಾ ಕೊಲ್ಲಿಯ ಕಾವಿತೆ ಎಂಬ ಊರಿನ ಶಸ್ತ್ರಾಗಾರದಲ್ಲಿ ಸುಮಾರು ಇನ್ನೂರು ಮಂದಿ ಸೈನಿಕರು ಹಾಗೂ ಕೆಲಸಗಾರರು ದಂಗೆಯೆದ್ದರು. ಅವರಿಗೆ ಮೊದಲಿನಿಂದ ಇದ್ದ ತೆರಿಗೆ ವಿನಾಯಿತಿಯನ್ನು ಸ್ಪೇನಿನ ಗವರ್ನರ್ ಜನರಲ್ ಇಸ್ಕಿಯೆರ್ದೊ ರದ್ದುಗೊಳಿಸಿದ್ದು ಹತ್ತಿರದ ಕಾರಣ. ದಂಗೆ ಬೇಗನೆ ಅಡಗಿತು. ಆದರೆ ಅದರ ಸೂತ್ರಧಾರರೆಂದು ಸರಕಾರ ಹಿಡಿದದ್ದು ಧರ್ಮಪ್ರಾಂತ್ಯದ ಯಾಜಕರನ್ನು. ಮರಿಯಾನೊ ಗೋಮೆಸ್, ಹೊಸೆ ಬುರ್ಗೋಸ್, ಹಸಿಂತೊ ಸಮೋರಾ ಎಂಬ ಮೂವರನ್ನು ಸೈನಿಕ ನ್ಯಾಯಾಲಯ ಅಪರಾಧಿಗಳೆಂದು ಸಾರಿತು. ಫೆಬ್ರವರಿ 17ರಂದು ಮನಿಲಾದ ಬಾಗುಂಬಾಯನ್ ಬಯಲಿನಲ್ಲಿ ಅವರ ಕುತ್ತಿಗೆಗೆ ಕಬ್ಬಿಣದ ಪಟ್ಟಿ ಬಿಗಿದು ಕೊಲ್ಲಲಾಯಿತು. ದಂಗೆಯಿಂದ ಮರಣದಂಡನೆಯವರೆಗೆ ಕಳೆದದ್ದು ಇಪ್ಪತ್ತೆಂಟು ದಿನ. ಗೋಮೆಸರಿಗೆ 72 ವರ್ಷ, ಬುರ್ಗೋಸರಿಗೆ 35, ಸಮೋರಾರಿಗೆ 36. ಮಹಾಧರ್ಮಾಧ್ಯಕ್ಷ ಮೆಲಿತೋನ್ ಮಾರ್ತಿನೆಸ್ ಸ್ವತಃ ಸ್ಪೇನಿನವರು. ಆದರೂ ಈ ಮೂವರ ಯಾಜಕತ್ವವನ್ನು ಕಸಿದುಕೊಳ್ಳಬೇಕೆಂಬ ಸರಕಾರದ ಬೇಡಿಕೆಗೆ ಅವರು ಒಪ್ಪಲಿಲ್ಲ. ಹೀಗಾಗಿ ಮೂವರೂ ಯಾಜಕರಾಗಿಯೇ ಸತ್ತರು.

ಇವರು ಮಾಡಿದ ತಪ್ಪಾದರೂ ಏನು? ಕಾವಿತೆಯ ಬಂದೂಕುಗಳಿಗೂ ಇವರಿಗೂ ಸಂಬಂಧವಿತ್ತೆಂಬುದಕ್ಕೆ ನಂಬುವಂಥ ಆಧಾರ ಸಿಕ್ಕಿಲ್ಲ. ಇವರ ನಿಜವಾದ ‘ಅಪರಾಧ’ ಬೇರೆ. ಆ ದ್ವೀಪಗಳ ಧರ್ಮಕೇಂದ್ರಗಳು ಬಹುಪಾಲು ಸ್ಪೇನಿನಿಂದ ಬಂದ ಸಂನ್ಯಾಸಿ ಸಭೆಗಳ ಕೈಯಲ್ಲಿದ್ದವು. ಸ್ಥಳೀಯ ಯಾಜಕರು ಎಷ್ಟು ಓದಿದರೂ, ಎಷ್ಟು ದುಡಿದರೂ ಸಹಾಯಕರಾಗಿಯೇ ಉಳಿಯಬೇಕಿತ್ತು. 1861ರಲ್ಲಿ ಮಿಂದನಾವೊ ದ್ವೀಪದ ಧರ್ಮಕೇಂದ್ರಗಳನ್ನು ಮರಳಿ ಬಂದ ಯೇಸುಸಭೆಯವರಿಗೆ ಕೊಟ್ಟಾಗ, ಅಲ್ಲಿಂದ ತೆರವಾದ ಇನ್ನೊಂದು ಸಭೆಯವರಿಗೆ ಪರಿಹಾರವಾಗಿ ಮನಿಲಾ ಸುತ್ತಲಿನ ಧರ್ಮಕೇಂದ್ರಗಳು ಹೋದವು. ಅವುಗಳಲ್ಲಿ ಸ್ಥಳೀಯ ಯಾಜಕರು ನಡೆಸುತ್ತಿದ್ದವೂ ಇದ್ದವು. ಇಬ್ಬರು ಪರದೇಶಿಯರ ನಡುವಿನ ಲೆಕ್ಕವನ್ನು ಮನೆಯವನ ಜೇಬಿನಿಂದ ತೀರಿಸಿದ ಹಾಗಾಯಿತು. ಇದನ್ನು ಪ್ರಶ್ನಿಸಿದವರಲ್ಲಿ ಮೊದಲಿಗರು ಪೆದ್ರೊ ಪೆಲಾಯೆಸ್. 1863ರ ಜೂನ್ 3ರ ಭೂಕಂಪದಲ್ಲಿ ಮನಿಲಾದ ಪ್ರಧಾನಾಲಯ ಕುಸಿದಾಗ ಅವರು ಅದರಡಿಯಲ್ಲಿ ತೀರಿಕೊಂಡರು. ಅವರ ಶಿಷ್ಯ ಬುರ್ಗೋಸ್ ಆ ವಾದವನ್ನು ಮುಂದುವರಿಸಿದರು. ಬಾಕೋರಿನ ವೃದ್ಧ ಗುರು ಗೋಮೆಸ್ ಅದಕ್ಕೆ ಬೆಂಬಲವಾಗಿ ನಿಂತಿದ್ದರು. ಸಮೋರಾರಿಗೆ ರಾಜಕೀಯಕ್ಕಿಂತ ಇಸ್ಪೀಟಾಟದ ಗೀಳೇ ಹೆಚ್ಚಾಗಿತ್ತೆಂದೂ, ಆಟದ ಹಣವನ್ನು ‘ಮದ್ದುಗುಂಡು’ ಎಂದು ಕರೆದ ಒಂದು ಚೀಟಿಯೇ ಅವರಿಗೆ ಮುಳುವಾಯಿತೆಂದೂ ಹೇಳುತ್ತಾರೆ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಬುರ್ಗೋಸರ ತಂದೆ ಸ್ಪೇನಿನ ಸೈನ್ಯದ ಅಧಿಕಾರಿ. ಬುರ್ಗೋಸರು ಕೇಳಿದ್ದು ಸ್ವಾತಂತ್ರ್ಯವನ್ನಲ್ಲ, ಸಮಾನತೆಯನ್ನು. ತಾವು ಸ್ಪೇನಿಗೆ ನಿಷ್ಠರೆಂದೇ ಅವರ ವಾದ. ‘ಒಂದೇ ದೀಕ್ಷೆ, ಒಂದೇ ಬಲಿಪೂಜೆ, ಹಾಗಿರುವಾಗ ಚರ್ಮದ ಬಣ್ಣಕ್ಕೆ ತಕ್ಕಂತೆ ಹುದ್ದೆ ಏಕೆ?’ ಎಂಬುದು ಅವರ ಪ್ರಶ್ನೆಯ ತಿರುಳು. ಇದು ಧರ್ಮಸಭೆಯ ಒಳಗಿನ ಪ್ರಶ್ನೆ. ಅದನ್ನು ರಾಜದ್ರೋಹವೆಂದು ಕರೆದು ಕೊರಳಿಗೆ ಕಬ್ಬಿಣ ಹಾಕಿದ ದಿನ ಅದು ದೇಶದ ಪ್ರಶ್ನೆಯಾಯಿತು. ಸಾಮ್ರಾಜ್ಯವೇ ತನ್ನ ವಿರೋಧಿಗಳನ್ನು ಹೆತ್ತ ಬಗೆ ಇದು.

ನಮ್ಮ ಕನ್ನಡ ಕ್ರೈಸ್ತ ನುಡಿಯಲ್ಲಿ ಎರಡು ಮಾತುಗಳಿವೆ. ವಿಶ್ವಾಸಕ್ಕಾಗಿ ಪ್ರಾಣಕೊಟ್ಟವರನ್ನು ‘ರಕ್ತಸಾಕ್ಷಿ’ ಎನ್ನುತ್ತೇವೆ. ನಾಡಿಗಾಗಿ ಪ್ರಾಣಕೊಟ್ಟವರನ್ನು ‘ಹುತಾತ್ಮ’ ಎನ್ನುತ್ತೇವೆ. ಮೊದಲನೆಯ ಮಾತಿನಲ್ಲಿ ಸಾಕ್ಷಿಯಿದೆ, ಎರಡನೆಯದರಲ್ಲಿ ಅಗ್ನಿಗೆ ಒಪ್ಪಿಸಿದ ಆಹುತಿಯಿದೆ. ಮನಿಲಾದ ಮೂವರನ್ನು ಅವರ ನಾಡು ಹುತಾತ್ಮರೆಂದು ಗೌರವಿಸುತ್ತದೆ. ಧರ್ಮಸಭೆ ಅವರನ್ನು ರಕ್ತಸಾಕ್ಷಿಗಳ ಪಟ್ಟಿಗೆ ಸೇರಿಸಿಲ್ಲ. ಅದರಲ್ಲಿ ಅನ್ಯಾಯವಿಲ್ಲ. ಆದರೆ ಈ ಎರಡು ಮಾತುಗಳ ನಡುವಿನ ಗೋಡೆ ಎಷ್ಟು ತೆಳುವಾದದ್ದು ಎಂಬುದನ್ನು ಅವರ ಸಾವು ತೋರಿಸುತ್ತದೆ.

ಒಂದು ಅರ್ಪಣೆ, ಒಬ್ಬ ಅಂಜಿದ ಯಾಜಕ

ಈ ಮೂವರ ಹೆಸರು ಉಳಿದದ್ದು ಬಹುಮಟ್ಟಿಗೆ ಒಬ್ಬ ಲೇಖಕನಿಂದ. ಹೊಸೆ ರಿಸಾಲ್ ಅವರು ಮರಣಹೊಂದಿದಾಗ ಹತ್ತು ವರ್ಷದ ಬಾಲಕ. ಅವನ ಅಣ್ಣ ಪಾಸಿಯಾನೊ ಬುರ್ಗೋಸರಿಗೆ ಆಪ್ತನಾಗಿದ್ದವನು. 1887ರಲ್ಲಿ ‘ನೋಲಿ ಮೆ ತಾಂಗೆರೆ’ ಎಂಬ ಮೊದಲ ಕಾದಂಬರಿಯನ್ನು ಪ್ರಕಟಿಸಿದ ರಿಸಾಲ್, 1891ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಅಚ್ಚಾದ ‘ಎಲ್ ಫಿಲಿಬುಸ್ತೆರಿಸ್ಮೊ’ ಎಂಬ ಎರಡನೆಯ ಕಾದಂಬರಿಯನ್ನು ಈ ಮೂವರು ಯಾಜಕರಿಗೆ ಅರ್ಪಿಸಿದ.

ಅರ್ಪಣೆಯ ಪುಟವನ್ನು ವಿಮರ್ಶಕನ ಕಣ್ಣಿನಿಂದ ನೋಡಿದರೆ ಅಚ್ಚರಿಯಾಗುತ್ತದೆ. ಅದರಲ್ಲಿ ಮರಣದ ದಿನ ತಪ್ಪಾಗಿದೆ: 17ರ ಬದಲು ಫೆಬ್ರವರಿ 28 ಎಂದಿದೆ. ವಯಸ್ಸುಗಳೂ ತಪ್ಪು: 72ರ ಗೋಮೆಸರಿಗೆ 85, 35ರ ಬುರ್ಗೋಸರಿಗೆ 30 ಎಂದು ಬರೆಯಲಾಗಿದೆ. ಇಷ್ಟು ಎಚ್ಚರದ ಲೇಖಕ ಇಷ್ಟು ತಪ್ಪು ಮಾಡಿದ್ದೇಕೆ? ನನಗೆ ತೋರುವ ಕಾರಣ ಸರಳ. ಈ ಸಾವಿನ ಬಗ್ಗೆ ಅವನ ನಾಡಿನಲ್ಲಿ ಬಹಿರಂಗವಾಗಿ ಮಾತನಾಡುವಂತಿರಲಿಲ್ಲ. ಹತ್ತೊಂಬತ್ತು ವರ್ಷ ಮನೆಯ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದ ಕಥೆಯಲ್ಲಿ ಅಂಕಿಗಳು ಸವೆದು ಹೋಗಿರಬೇಕು. ಬರೆದಿಡದ ನೆನಪಿಗೆ ಆಗುವ ಗತಿ ಇದೇ. ಈ ಮಾತನ್ನು ಓದುಗರು ನೆನಪಿಡಬೇಕು, ಏಕೆಂದರೆ ನಮ್ಮ ಮನೆಯ ಕಥೆಗೂ ಇದು ಅನ್ವಯಿಸುತ್ತದೆ.

ಕಾದಂಬರಿಯ ನಾಯಕ ಸಿಮೋನ್ ಒಬ್ಬ ಆಭರಣ ವ್ಯಾಪಾರಿ. ನೊಂದು, ಮೋಸಹೋಗಿ, ವೇಷ ಮರೆಸಿ ಬಂದವನು. ಸಮಾಜ ಇನ್ನಷ್ಟು ಕೊಳೆಯಲಿ, ಆಗ ಜನ ತಾವೇ ಸಿಡಿದೇಳುತ್ತಾರೆ ಎಂದು ಅಧಿಕಾರಿಗಳ ದುರಾಸೆಗೆ ಅವನು ತುಪ್ಪ ಸುರಿಯುತ್ತಾನೆ. ಅವನ ಸಂಚು ವಿಫಲವಾಗುತ್ತದೆ. ಗಾಯಗೊಂಡು, ವಿಷ ಕುಡಿದು, ಕಡಲದಂಡೆಯಲ್ಲಿ ಒಂಟಿಯಾಗಿರುವ ಫಾದರ್ ಫ್ಲೊರೆಂತಿನೊ ಎಂಬ ಸ್ಥಳೀಯ ಯಾಜಕನ ಮನೆಗೆ ಬಂದು ಸೇರುತ್ತಾನೆ. ಸಾಯುವ ಮುನ್ನ ಎಲ್ಲವನ್ನೂ ತೋಡಿಕೊಳ್ಳುತ್ತಾನೆ. ದ್ವೇಷದಿಂದ ಹುಟ್ಟಿದ ಬಿಡುಗಡೆ ಬಿಡುಗಡೆಯಾಗಲಾರದು, ಇಂದಿನ ಗುಲಾಮ ನಾಳೆಯ ದಬ್ಬಾಳಿಕೆಗಾರನಾದರೆ ಏನು ಫಲ ಎಂಬ ಅರ್ಥದಲ್ಲಿ ಯಾಜಕ ಅವನಿಗೆ ಉತ್ತರಿಸುತ್ತಾನೆ. ಸಿಮೋನನ ಸಾವಿನ ನಂತರ ಅವನ ರತ್ನಗಳ ಪೆಟ್ಟಿಗೆಯನ್ನು ಕಡಲಿಗೆ ಎಸೆಯುತ್ತಾನೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ.

ಕಾದಂಬರಿಯಾಗಿ ಇದಕ್ಕೆ ದೋಷಗಳಿವೆ. ಮಾತು ಹೆಚ್ಚು, ಘಟನೆ ಕಡಿಮೆ. ಕೊನೆಯ ಅಧ್ಯಾಯ ಪ್ರಬೋಧನೆಯಂತಿದೆ. ಪ್ರಬೋಧನೆ ಮಾಡಿ ಅಭ್ಯಾಸವಿರುವ ನನಗೇ ಅದು ದೀರ್ಘವೆನಿಸಿತು. ಸ್ತ್ರೀಪಾತ್ರಗಳು ನೆರಳಿನಂತೆ ಸರಿದುಹೋಗುತ್ತವೆ. ಆದರೆ ಯಾಜಕನಾಗಿ ಓದುವವನಿಗೆ ಒಂದು ವಿವರ ಮುಳ್ಳಿನಂತೆ ಚುಚ್ಚುತ್ತದೆ. ಫ್ಲೊರೆಂತಿನೊ ಕಡಲದಂಡೆಯಲ್ಲಿ ಒಂಟಿಯಾಗಿರುವುದೇಕೆ? 1872ರ ಘಟನೆ ನಡೆದಾಗ, ಒಳ್ಳೆಯ ವರಮಾನದ ತನ್ನ ಧರ್ಮಕೇಂದ್ರ ಎಲ್ಲಿ ಸರಕಾರದ ಕಣ್ಣಿಗೆ ಬೀಳುವುದೋ ಎಂದು ಅಂಜಿ, ಹುದ್ದೆಯನ್ನು ಬಿಟ್ಟು ಅವನು ಮನೆ ಸೇರಿದ್ದ. ಅಂದರೆ ಸತ್ತ ಮೂವರಿಗೆ ಪುಸ್ತಕವನ್ನು ಅರ್ಪಿಸಿದ ಲೇಖಕ, ಪುಸ್ತಕದ ಕೊನೆಯ ಮಾತನ್ನು ಕೊಟ್ಟದ್ದು ಅಂಜಿ ಬದುಕಿಕೊಂಡ ನಾಲ್ಕನೆಯವನಿಗೆ!

ಇದನ್ನು ಲೇಖಕನ ಮರೆವೆಂದು ತಳ್ಳಿಹಾಕಲಾಗದು. ಫ್ಲೊರೆಂತಿನೊ ಒಳ್ಳೆಯವನು, ಅವನ ಮಾತೂ ಸರಿಯಾದದ್ದೇ. ಆದರೆ ಆ ಸರಿಯಾದ ಮಾತು ಇಪ್ಪತ್ತು ವರ್ಷಗಳ ಕಾಲ ಎಲ್ಲಿತ್ತು? ಸಿಮೋನನಂಥವನು ಸಂಚಿಗೆ ಇಳಿಯುವ ಮೊದಲೇ ಅದು ಯಾರ ಕಿವಿಗಾದರೂ ಬಿದ್ದಿದ್ದರೆ? ಸಾಯುತ್ತಿರುವವನ ಹಾಸಿಗೆಯ ಪಕ್ಕದಲ್ಲಿ ಮಾತ್ರ ಸತ್ಯ ಹೇಳುವ ಯಾಜಕ ಅರ್ಧ ಯಾಜಕನಷ್ಟೇ. ರಿಸಾಲ್ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಅರ್ಪಣೆಯ ಪುಟವನ್ನೂ ಕೊನೆಯ ಪುಟವನ್ನೂ ಎದುರುಬದುರು ಇಟ್ಟು ಓದುವವನಿಗೆ ಅದು ಕೇಳಿಸುತ್ತದೆ. ಗಾಂಧಿ ಬಜಾರಿನ ಅಂಗಡಿಯಲ್ಲಿ ನಾನು ಸುಮ್ಮನಾದಾಗ ನೆನಪಾದದ್ದು ಬುರ್ಗೋಸರಲ್ಲ, ಈ ಫ್ಲೊರೆಂತಿನೊ.

1896ರ ಡಿಸೆಂಬರ್ 30ರಂದು ರಿಸಾಲನನ್ನೂ ಅದೇ ಬಾಗುಂಬಾಯನ್ ಬಯಲಿನಲ್ಲಿ ಗುಂಡಿಟ್ಟು ಕೊಲ್ಲಲಾಯಿತು. 1902ರಲ್ಲಿ ಅಲ್ಲಿನ ಯಾಜಕ ಗ್ರೆಗೊರಿಯೊ ಅಗ್ಲಿಪಾಯ್ ಅವರ ಮುಂದಾಳುತನದಲ್ಲಿ ರೋಮಿನಿಂದ ಬೇರೆಯಾದ ಸ್ವತಂತ್ರ ಸಭೆಯೊಂದು ಹುಟ್ಟಿತು. ಅದರ ನಾಯಕತ್ವದ ಆಹ್ವಾನವನ್ನು ನಿರಾಕರಿಸಿದ ಹೊರ್ಹೆ ಬರ್ಲಿನ್ ಎಂಬ ಯಾಜಕರು 1906ರಲ್ಲಿ ಫಿಲಿಪ್ಪೀನ್ಸಿನ ಮೊದಲ ಸ್ಥಳೀಯ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಒಂದೇ ಗಾಯ, ಎರಡು ದಾರಿ: ಒಬ್ಬರು ಹೊರಗೆ ಹೋದರು, ಇನ್ನೊಬ್ಬರು ಒಳಗೆ ಉಳಿದರು. ಮೂವತ್ತು ವರ್ಷ ಮೊದಲೇ ಬುರ್ಗೋಸರ ಮಾತಿಗೆ ಕಿವಿಗೊಟ್ಟಿದ್ದರೆ ಅಗ್ಲಿಪಾಯರ ದಾರಿ ತೆರೆಯುತ್ತಿತ್ತೇ?

ಘಾಟಿಯ ಕೆಳಗಿನ ಕಥೆ

ಈಗ ನಮ್ಮ ಕಡೆಗೆ ಬರೋಣ. ನಮ್ಮ ನೆಲದಲ್ಲಿ ಈ ಗಾಯ ಇನ್ನೂ ಹಳೆಯದು. ಗೋವೆಯ ಮತೇವುಸ್ ದೆ ಕಾಸ್ತ್ರೊ ಎಂಬವರಿಗೆ ತಮ್ಮ ಊರಿನಲ್ಲಿ ಯಾಜಕದೀಕ್ಷೆ ಸಿಗದೆ ರೋಮಿಗೆ ಹೋಗಬೇಕಾಯಿತು. 1637ರಲ್ಲಿ ಜಗದ್ಗುರುಗಳು ಅವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಿ ಆದಿಲಶಾಹಿಗಳ ಬಿಜಾಪುರ ಸೀಮೆಗೆ ಕಳುಹಿಸಿದರು. ಪೋರ್ತುಗೀಜರು ಅವರನ್ನು ಕೊನೆಯವರೆಗೂ ಒಪ್ಪಲಿಲ್ಲ. ಪೂರ್ವದ ಧರ್ಮಸಭೆಯ ಮೇಲೆ ಪೋರ್ತುಗಲ್ ಅರಸನಿಗಿದ್ದ ‘ಪದ್ರೊವಾದೊ’ ಎಂಬ ಪೋಷಣಾಧಿಕಾರಕ್ಕೂ, 1622ರಲ್ಲಿ ರೋಮ್ ಸ್ಥಾಪಿಸಿದ ‘ಪ್ರೊಪಗಾಂದ’ ಎಂಬ ಧರ್ಮಪ್ರಸಾರ ಸಂಸ್ಥೆಗೂ ನಡೆದ ಜಗಳ ಕೆನರಾ ಕರಾವಳಿಯನ್ನು ಇನ್ನೂರು ವರ್ಷ ಸುಟ್ಟಿತು. ಆಗ ಆ ಕರಾವಳಿ ನಮ್ಮದೇ ಜಿಲ್ಲೆಯ ಇಕ್ಕೇರಿ, ಬಿದನೂರುಗಳಿಂದ ಆಳುತ್ತಿದ್ದ ಕೆಳದಿ ಅರಸರದು ಎಂಬುದನ್ನು ಶಿವಮೊಗ್ಗದ ಓದುಗರಿಗೆ ನೆನಪಿಸಬೇಕಾಗಿಲ್ಲ. 1681ರಲ್ಲಿ ಈ ಜಗಳದ ನಡುವೆ ಬಂದವರು ಗೋವೆಯ ಜೋಸೆಫ್ ವಾಜ್. ಬಸ್ರೂರು, ಬಾರ್ಕೂರು, ಕಲ್ಯಾಣಪುರ, ಗಂಗೊಳ್ಳಿಗಳಲ್ಲಿ ದುಡಿದ ಅವರು 2015ರ ಜನವರಿ 14ರಂದು ಸಂತಪದವಿಗೇರಿದರು.

1787ರಲ್ಲಿ ಗೋವೆಯಲ್ಲಿ ಪಿಂಟೊಗಳ ಸಂಚು ಬಯಲಾಯಿತು. ಅದರ ಮುಂದಾಳುಗಳಲ್ಲಿ ಕೌತೊ ಮತ್ತು ಗೊನ್ಸಾಲ್ವೆಸ್ ಎಂಬ ಇಬ್ಬರು ಯಾಜಕರಿದ್ದರು. ಯೋಗ್ಯತೆಯಿದ್ದರೂ ಸ್ಥಳೀಯರಿಗೆ ಉನ್ನತ ಹುದ್ದೆಗಳು ಸಿಗವು ಎಂಬುದನ್ನು ಲಿಸ್ಬನ್‌ನಲ್ಲಿ ಕಣ್ಣಾರೆ ಕಂಡು ಬಂದವರು ಅವರು. ಮರುವರ್ಷ 15 ಮಂದಿ ಗೃಹಸ್ಥರಿಗೆ ಘೋರ ಮರಣದಂಡನೆಯಾಯಿತು. ಸೆರೆಸಿಕ್ಕ ಯಾಜಕರನ್ನು ಲಿಸ್ಬನ್ನಿನ ಸೆರೆಮನೆಗೆ ಸಾಗಿಸಲಾಯಿತು. ಮನಿಲಾದಲ್ಲಿ ಯಾಜಕರು ಸತ್ತರು. ಗೋವೆಯಲ್ಲಿ ಅವರ ಮಾತು ನಂಬಿದ ಗೃಹಸ್ಥರು ಸತ್ತರು. ಈ ವ್ಯತ್ಯಾಸವನ್ನು ಯಾಜಕರಾದ ನಾವು ಹೆಮ್ಮೆಪಡುವ ಮೊದಲು ನೆನೆಯಬೇಕು.

ನಾನು ಹೇಳದೆ ಉಳಿದ ಹೆಸರು ಇವರ ನಂತರದ್ದು: ಆಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರಿಸ್. 1836ರಲ್ಲಿ ಗೋವೆಯ ವೆರ್ಣಾದಲ್ಲಿ ಹುಟ್ಟಿದರು. ಕಥೋಲಿಕ ಯಾಜಕರಾದರು. ‘ಆ ಕ್ರುಜ್’, ‘ಆ ವೆರ್ದಾದ್’, ‘ಓ ಪ್ರೊಗ್ರೆಸ್ಸೊ ದೆ ಗೋವಾ’, ಮುಂದೆ ‘ಓ ಬ್ರಾದೊ ಇಂದಿಯಾನೊ’ ಎಂದು ಒಂದಾದ ಮೇಲೊಂದು ಪತ್ರಿಕೆ ನಡೆಸಿ ಸರಕಾರವನ್ನೂ ಧರ್ಮಸಭೆಯ ಆಡಳಿತವನ್ನೂ ಟೀಕಿಸಿದರು. 1886ರಲ್ಲಿ ರೋಮ್ ಮತ್ತು ಪೋರ್ತುಗಲ್ ನಡುವೆ ಒಪ್ಪಂದವಾಗಿ, ಪದ್ರೊವಾದೊ ಆಡಳಿತದಲ್ಲಿದ್ದ ಅನೇಕ ಧರ್ಮಕೇಂದ್ರಗಳು ಪ್ರೊಪಗಾಂದದ ಕೈಗೆ ಹೋದವು. ಗೋವೆಯ ಯಾಜಕರಿಗೆ ಇದು ತಮ್ಮನ್ನು ಹೊರದೂಡಿದಂತೆ ಕಂಡಿತು. ಕೆನರಾದಲ್ಲಿಯೂ ಈ ಬದಲಾವಣೆಯನ್ನು ಒಪ್ಪದ ಕುಟುಂಬಗಳಿದ್ದವು. ಆಲ್ವಾರಿಸರು ಕೇರಳದ ಆರ್ಥೊಡಾಕ್ಸ್ ಸಿರಿಯನ್ ಸಭೆಯನ್ನು ಸೇರಿ, 1889ರ ಜುಲೈ 29ರಂದು ಕೊಟ್ಟಾಯಂನ ಹಳೆಯ ಸೆಮಿನರಿಯಲ್ಲಿ ಆಲ್ವಾರಿಸ್ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಮೆತ್ರೊಪೊಲೀತರಾಗಿ ಅಭಿಷಿಕ್ತರಾದರು. ಬ್ರಹ್ಮಾವರದಲ್ಲಿ ಅವರ ಸಂಗಡಿಗ ಫಾದರ್ ರೋಕ್ ಝೆಫಿರಿನ್ ನೊರೊನ್ಹಾ ಹಲವು ದಶಕಗಳ ಕಾಲ ಆ ಸಮುದಾಯವನ್ನು ಸಾಕಿದರು. ಇಂದಿಗೂ ಅಲ್ಲಿ ಕೊಂಕಣಿಯಲ್ಲಿ ಆರಾಧನೆ ನಡೆಯುತ್ತದೆ. 2010ರಲ್ಲಿ ಬ್ರಹ್ಮಾವರವೇ ಆ ಸಭೆಯ ಒಂದು ಧರ್ಮಪ್ರಾಂತ್ಯವಾಯಿತು.

1895ರಲ್ಲಿ ಗೋವೆಯ ಸರಕಾರ ಆಲ್ವಾರಿಸರನ್ನು ಬಂಧಿಸಿ, ಮೈಮೇಲಿದ್ದ ಧರ್ಮಾಧ್ಯಕ್ಷರ ಉಡುಪನ್ನು ಕಳಚಿಸಿ ಅವಮಾನಗೊಳಿಸಿತು. ಆಪಾದನೆ ನಿಲ್ಲದೆ ಬಿಡುಗಡೆಯಾಯಿತು. ಗೋವೆಯ ಸಿಪಾಯಿಗಳು ಆಫ್ರಿಕಕ್ಕೆ ಹೋಗಲೊಲ್ಲದೆ ದಂಗೆಯೆದ್ದು, ಸತ್ತರಿಯ ರಾಣೆಗಳು ಅವರ ಜೊತೆ ಸೇರಿದ ವರ್ಷವೂ ಅದೇ. ಮನಿಲಾದಲ್ಲಿ ಮಹಾಧರ್ಮಾಧ್ಯಕ್ಷರು ಯಾಜಕರ ಉಡುಪನ್ನು ಕಳಚಲು ಒಪ್ಪಲಿಲ್ಲ. ಪಣಜಿಯಲ್ಲಿ ಸರಕಾರವೇ ಕಳಚಿತು, ತಡೆಯುವವರು ಯಾರೂ ಇರಲಿಲ್ಲ. ನಮ್ಮವರಿಗೆ ಅವರು ಆಗಲೇ ಹೊರಗಿನವರಾಗಿದ್ದರು.

ಅವರು ಹುತಾತ್ಮರಾಗಲಿಲ್ಲ. ದೀರ್ಘಕಾಲ ಬದುಕಿದರು. ಕಾಲರಾ ರೋಗಕ್ಕೆ ಚಿಕಿತ್ಸೆಯ ಬಗ್ಗೆ ಪುಸ್ತಿಕೆ ಬರೆದರು. ಬಡವರ ಹಸಿವು ತೀರಲೆಂದು ಮರಗೆಣಸಿನ ಬೇಸಾಯವನ್ನು ಪ್ರಚಾರ ಮಾಡಿದರು. ಪಣಜಿಯ ಬೀದಿಗಳಲ್ಲಿ ಪಾತ್ರೆ ಹಿಡಿದು ಬೇಡಿ ನಿರ್ಗತಿಕರಿಗೂ ಕುಷ್ಠರೋಗಿಗಳಿಗೂ ಉಣಿಸಿದರು. 1923ರ ಸೆಪ್ಟೆಂಬರ್ 23ರಂದು ರಿಬಂದರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ 1923ರಲ್ಲಿ ತಿಬುರ್ತಿಯುಸ್ ರೋಚ್ ಅವರು ತೂತುಕುಡಿಯ ಧರ್ಮಾಧ್ಯಕ್ಷರಾಗಿ ನೇಮಕಗೊಂಡು, ಆಧುನಿಕ ಕಾಲದಲ್ಲಿ ಲತೀನ್ ವಿಧಿಯ ಧರ್ಮಪ್ರಾಂತ್ಯವನ್ನು ವಹಿಸಿಕೊಂಡ ಮೊದಲ ಭಾರತೀಯರಾದರು. 1928ರಲ್ಲಿ ಮಂಗಳೂರಿಗೆ ವಲೇರಿಯನ್ ಡಿಸೋಜರು, 1942ರಲ್ಲಿ ಬೆಂಗಳೂರಿಗೆ ತೋಮಸ್ ಪೊತಕಮೂರಿಯವರು ಬಂದರು. ಆಲ್ವಾರಿಸರು ಯಾವುದಕ್ಕಾಗಿ ಜಗಳವಾಡಿದ್ದರೋ ಅದು ಅವರು ಸತ್ತ ವರ್ಷವೇ ಒಳಗಿನಿಂದ ಆರಂಭವಾಯಿತು.

ಎರಡು ಬಗೆಯ ಅನ್ಯಾಯ

ಈಗ ವಿಮರ್ಶೆಯ ಮಾತು. ಈ ವ್ಯಕ್ತಿಯ ನೆನಪಿಗೆ ಎರಡು ಬಗೆಯ ಅನ್ಯಾಯ ನಡೆದಿದೆ.

ಮೊದಲನೆಯದು ನಮ್ಮದು. ನಾನು ಗುರುಮಠದಲ್ಲಿ ಧರ್ಮಸಭೆಯ ಚರಿತ್ರೆಯನ್ನು ಓದಿದ ವರ್ಷಗಳಲ್ಲಿ ಪದ್ರೊವಾದೊ ಜಗಳಕ್ಕೆ ಹಲವು ಪುಟಗಳಿದ್ದವು, ಆಲ್ವಾರಿಸರಿಗೆ ಒಂದು ವಾಕ್ಯವಿತ್ತು. ಆ ವಾಕ್ಯದಲ್ಲಿ ‘ಒಡಕು’ ಎಂಬ ಮಾತಿತ್ತು. ಒಡಕು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದು ಪಾತ್ರೆ ಒಡೆದರೆ ಪೆಟ್ಟು ಎಲ್ಲಿಂದ ಬಿತ್ತೆಂದು ಕೇಳಬೇಡವೇ? ಎರಡನೆಯ ವತಿಕಾನ್ ಮಹಾಸಭೆ 1964ರಲ್ಲಿ ಕ್ರೈಸ್ತ ಐಕ್ಯವನ್ನು ಕುರಿತ ತನ್ನ ಆದೇಶಪತ್ರದಲ್ಲಿ, ಇಂಥ ಒಡಕುಗಳಿಗೆ ಎಷ್ಟೋ ಸಲ ಎರಡೂ ಕಡೆಯವರು ಹೊಣೆಯೆಂದು ಒಪ್ಪಿಕೊಂಡಿದೆ. ಅದಕ್ಕೂ ಮೊದಲು, ಆಲ್ವಾರಿಸರು ಬದುಕಿದ್ದಾಗಲೇ, 1919ರ ನವೆಂಬರ್ 30ರಂದು ಜಗದ್ಗುರು ಹದಿನೈದನೆಯ ಬೆನೆದಿಕ್ತರು ‘ಮಾಕ್ಸಿಮುಮ್ ಇಲ್ಲುದ್’ ಎಂಬ ಪತ್ರದಲ್ಲಿ, ತಮ್ಮ ದೇಶದ ಹಿತವನ್ನು ದೇವರ ರಾಜ್ಯದ ಹಿತಕ್ಕಿಂತ ಮೇಲಿಟ್ಟ ಧರ್ಮಪ್ರಚಾರಕರನ್ನು ಕಟುವಾಗಿ ಎಚ್ಚರಿಸಿದರು. ಸ್ಥಳೀಯ ಯಾಜಕರನ್ನು ಎರಡನೆಯ ದರ್ಜೆಯ ಸಹಾಯಕರಂತೆ ತರಬೇತುಗೊಳಿಸಬಾರದೆಂದರು. ಬುರ್ಗೋಸರು ಕೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ನಲವತ್ತೇಳು ವರ್ಷ ಮತ್ತು ಮೂರು ಹೆಣ.

ಎರಡನೆಯ ಅನ್ಯಾಯ ಹೊಗಳುವವರದು. ಆಲ್ವಾರಿಸರನ್ನು ಹುಟ್ಟಿನಿಂದಲೇ ಸಾಮ್ರಾಜ್ಯವಿರೋಧಿ ಸ್ವದೇಶಿ ವೀರನಂತೆ ಚಿತ್ರಿಸುವುದು ಸುಲಭ. ಆದರೆ ಅವರ ಹೋರಾಟ ಆರಂಭವಾದದ್ದು ಪೋರ್ತುಗಲ್ ಅರಸನ ಪೋಷಣಾಧಿಕಾರವನ್ನು ಉಳಿಸಿಕೊಳ್ಳುವುದಕ್ಕಾಗಿ! ಆ ಅಧಿಕಾರದ ನೆರಳಿನಲ್ಲಿ ಗೋವೆಯ ಯಾಜಕರಿಗೆ ಹುದ್ದೆಗಳಿದ್ದವು ಎಂಬುದು ಕಾರಣ. ಇದನ್ನು ಬಚ್ಚಿಡುವ ಚರಿತ್ರೆ ಅವರನ್ನು ದೊಡ್ಡವರನ್ನಾಗಿ ಮಾಡುವುದಿಲ್ಲ, ಮಣ್ಣಿನ ಬೊಂಬೆಯನ್ನಾಗಿ ಮಾಡುತ್ತದೆ. ಹಾಗೆಯೇ 1892ರಲ್ಲಿ ಕೊಲಂಬೊದಲ್ಲಿ ವಿಲಾತ್ ಎಂಬವರಿಗೆ ಅವರು ನೀಡಿದ ಅಭಿಷೇಕದಿಂದ ಪಶ್ಚಿಮ ದೇಶಗಳಲ್ಲಿ ಒಡಕಿನ ಮೇಲೆ ಒಡಕಾಗಿ ಎಷ್ಟೋ ಪುಟ್ಟ ಪಂಗಡಗಳು ಹುಟ್ಟಿದವು. ಆ ವಿಲಾತರೇ ಕೊನೆಗೆ ಕಥೋಲಿಕ ಧರ್ಮಸಭೆಯೊಡನೆ ರಾಜಿಯಾಗಿ 1929ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಆಲ್ವಾರಿಸರ ನಿರ್ಣಯಗಳೆಲ್ಲ ಸರಿಯೆಂದು ನಾನು ಹೇಳಲಾರೆ. ಕಥೋಲಿಕ ಯಾಜಕನಾಗಿ, ಅವರು ಹೊರಗೆ ಹೋದದ್ದು ಸರಿಯೆಂದೂ ಹೇಳಲಾರೆ. ಜೋಸೆಫ್ ವಾಜರೂ ಬರ್ಲಿನರೂ ಒಳಗೆ ಉಳಿದು ಬೆಲೆ ತೆತ್ತವರು. ಅವರ ದಾರಿಯೇ ನನ್ನ ದಾರಿ.

ಆದರೆ ಓದುಗರು ಇಲ್ಲಿ ನನ್ನನ್ನು ತಡೆದು ಕೇಳಬಹುದು: ‘ಒಳಗೆ ಉಳಿದವರೆಲ್ಲ ಬೆಲೆ ತೆತ್ತಿದ್ದಾರೆಯೇ?’ ನ್ಯಾಯವಾದ ಪ್ರಶ್ನೆ. ಒಳಗೆ ಉಳಿಯುವುದಕ್ಕೆ ಎರಡು ಕಾರಣಗಳಿರಬಹುದು. ಒಂದು ಪ್ರೀತಿ, ಇನ್ನೊಂದು ಅಂಜಿಕೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ತರಹ ಕಾಣುತ್ತವೆ. ಫ್ಲೊರೆಂತಿನೊ ಸಹ ಧರ್ಮಸಭೆಯ ಒಳಗೇ ಇದ್ದ.

ನಮ್ಮ ನಾಡಿನ ಲೆಕ್ಕ

ನಮ್ಮ ಜಿಲ್ಲೆಗೆ ಹುತಾತ್ಮರು ಹೊಸಬರಲ್ಲ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. 1943ರ ಮಾರ್ಚ್ ತಿಂಗಳಲ್ಲಿ ಆ ಊರಿನ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಆ ಐವರ ಹೆಸರು ನಮ್ಮ ಮಕ್ಕಳಿಗೆ ತಿಳಿದಿರಬೇಕು, ನಮ್ಮ ಕಥೋಲಿಕ ಶಾಲೆಗಳಲ್ಲಿ ಓದುವ ಮಕ್ಕಳಿಗೂ. ಅವರ ಸಾಲಿನಲ್ಲಿ ನಮ್ಮವರದೂ ಒಂದು ಹೆಸರು ಇರಲೆಂದು ಹುಡುಕಿ ತರುವ ಚಪಲಕ್ಕೆ ನಾನು ಆಲ್ವಾರಿಸರನ್ನು ನೆನೆಯುತ್ತಿಲ್ಲ. ದೇಶಪ್ರೇಮದ ಪ್ರಮಾಣಪತ್ರಕ್ಕಾಗಿ ಸತ್ತವರನ್ನು ಸಾಲಿನಲ್ಲಿ ನಿಲ್ಲಿಸುವುದು ಸತ್ತವರಿಗೂ ಅಗೌರವ, ನಮಗೂ ಅಗೌರವ. ಅಂಗಡಿಯ ಹಿರಿಯರು ನನ್ನಲ್ಲಿ ಪ್ರಮಾಣಪತ್ರ ಕೇಳಿರಲೂ ಇಲ್ಲ. ಅವರು ಕೇಳಿದ್ದು ಒಂದು ಕಥೆ. ನಮ್ಮ ಬಳಿ ಕಥೆಯಿತ್ತು. ನಮ್ಮ ಮಾನಕ್ಕೆ ಅಂಜಿ ನಾನು ಅದನ್ನು ಹೇಳಲಿಲ್ಲ.

ಫಿಲಿಪ್ಪೀನ್ಸಿನ ಧರ್ಮಸಭೆಯಿಂದ ನಾವು ಇದನ್ನು ಕಲಿಯಬಹುದು. 2023ರ ಡಿಸೆಂಬರ್‌ನಲ್ಲಿ ಅಲ್ಲಿ ‘ಗೊಂಬುರ್ಸಾ’ ಎಂಬ ಚಲನಚಿತ್ರ ತೆರೆಕಂಡಿತು. ಮೂವರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ನಿರ್ದೇಶಕರು ಪೆಪೆ ದಿಯೊಕ್ನೊ. ನಿರ್ಮಾಣದಲ್ಲಿ ಮುಂದಾದದ್ದು ಯೇಸುಸಭೆಯವರ ಸಂಪರ್ಕ ಮಾಧ್ಯಮ ಸಂಸ್ಥೆ. ಸ್ಪೇನಿನ ಸಂನ್ಯಾಸಿಗಳ ತಪ್ಪನ್ನೂ ಸ್ಥಳೀಯ ಯಾಜಕರ ನೋವನ್ನೂ ತೆರೆಯ ಮೇಲೆ ತರಲು ಒಂದು ಕಥೋಲಿಕ ಸಂಸ್ಥೆಯೇ ಹಣ, ಶ್ರಮ ಹಾಕಿತು. ಅದರಿಂದ ಅಲ್ಲಿನ ಧರ್ಮಸಭೆಯ ಗೋಡೆಗಳೇನೂ ಬೀಳಲಿಲ್ಲ.

ನಾವೇನು ಮಾಡಬಹುದು? ಚಲನಚಿತ್ರ ಮಾಡಬೇಕಾಗಿಲ್ಲ. ನಮ್ಮ ಧರ್ಮಕೇಂದ್ರಗಳಿಂದ ಆಗಾಗ ಹಳೆ ಗೋವೆಗೆ, ಸಂತ ಫ್ರಾನ್ಸಿಸ್ ಕ್ಸೇವಿಯರರ ದರ್ಶನಕ್ಕೆ ಬಸ್ಸುಗಳು ಹೋಗುತ್ತವೆ. ಪಣಜಿಯಿಂದ ಹಳೆ ಗೋವೆಗೆ ನದಿಯ ದಂಡೆಯಲ್ಲಿ ಹೋಗುವ ರಸ್ತೆಯ ನಡುವೆಯೇ ರಿಬಂದರ್ ಇದೆ. ಅಲ್ಲಿನ ಸೇಂಟ್ ಮೇರಿಸ್ ಆರ್ಥೊಡಾಕ್ಸ್ ಚರ್ಚಿನಲ್ಲಿ ಆಲ್ವಾರಿಸರ ಅಸ್ಥಿಗಳಿವೆ. ನಾನೇ ಎಷ್ಟೋ ಸಲ ಯಾತ್ರಿಕರನ್ನು ಕೂರಿಸಿಕೊಂಡು, ಜಪಸರ ಹೇಳಿಸುತ್ತಾ ಆ ಊರನ್ನು ದಾಟಿದ್ದೇನೆ. ಬಸ್ಸನ್ನು ಹತ್ತು ನಿಮಿಷ ನಿಲ್ಲಿಸಲು ಚಾಲಕನಿಗೆ ಹೇಳಿದ್ದಿಲ್ಲ. ಅಲ್ಲಿ ಇಳಿದು ಒಂದು ಮೇಣದಬತ್ತಿ ಹಚ್ಚಿದರೆ ನಾವು ನಮ್ಮ ವಿಶ್ವಾಸದಲ್ಲಿ ಏನನ್ನೂ ಬಿಟ್ಟುಕೊಟ್ಟಂತಾಗುವುದಿಲ್ಲ. ಎಲ್ಲರೂ ಒಂದಾಗಿರಲೆಂದು ಕಡೆಯ ರಾತ್ರಿ ಪ್ರಾರ್ಥಿಸಿದ ಪ್ರಭುವಿಗೆ ಅದು ಪ್ರಿಯವಾದ ನಿಲುಗಡೆಯೇ ಆದೀತು.

ಬರುವ ಆಗಸ್ಟ್ ತಿಂಗಳಲ್ಲಿ ಬಾವುಟ ಕೊಳ್ಳಲು ನಾನು ಮತ್ತೆ ಗಾಂಧಿ ಬಜಾರಿಗೆ ಹೋಗುವವನಿದ್ದೇನೆ. ಅಂಗಡಿಯ ಹಿರಿಯರಿಗೆ ತಮ್ಮ ಪ್ರಶ್ನೆ ನೆನಪಿಲ್ಲದಿರಬಹುದು. ನನಗೆ ನೆನಪಿದೆ. ಈ ಸಲ ಘಾಟಿಯ ಕೆಳಗಿನ ಆ ಹೆಸರನ್ನು ಅವರಿಗೆ ಹೇಳುತ್ತೇನೆ. ಅವರು ನಮ್ಮನ್ನು ಬಿಟ್ಟು ಹೋದರು ಎಂಬುದನ್ನೂ, ಅವರು ಹೋಗುವಂತಾದದ್ದರಲ್ಲಿ ನಮ್ಮವರ ಪಾಲೂ ಇತ್ತು ಎಂಬುದನ್ನೂ ಸೇರಿಸಿಯೇ ಹೇಳುತ್ತೇನೆ.